ಹೈವೇ ಬದಿಯ ಧನ್ಯವಾದ

ನಮ್ಮ ಆಫೀಸಿಗೆ ಬರುವವರಲ್ಲಿ ಮುಕ್ಕಾಲು ಪಾಲು ಜನ ಏನನ್ನಾದರೂ ಕೇಳಲು ಬರುತ್ತಾರೆ. ಉಳಿದವರು ಧನ್ಯವಾದ ಹೇಳಲು ಬರುತ್ತಾರೆ, ಅಂದರೆ ಮುಂದಿನ ಸಲ ಕೇಳುವುದಕ್ಕೆ ಈಗಲೇ ದಾರಿ ಮಾಡಿಕೊಳ್ಳಲು. ವಾಷಿಂಗ್ಟನ್ನಿನ ಈ ಕಟ್ಟಡದಲ್ಲಿ ಹದಿನೆಂಟು ವರ್ಷದಿಂದ ಕೂತು ಎರಡೂ ಬಗೆಯವರನ್ನು ಸಾಕಷ್ಟು ನೋಡಿದ್ದೇನೆ. ಮೊದಲನೆಯವರೇ ವಾಸಿ. ಅವರ ಹೊಟ್ಟೆಯಲ್ಲಿರುವುದು ಬಾಯಲ್ಲೂ ಇರುತ್ತದೆ.

ನನ್ನ ಹೆಸರು ನಡೀನ್ ಓವರ್‌ಬಿ. ಇಂಡಿಯಾನಾದ ದಕ್ಷಿಣ ತುದಿಯಿಂದ ಆರಿಸಿ ಬಂದ ಸಂಸದ ಗೇಲನ್ ಸ್ಟ್ರೌಡ್ ಅವರ ಬಳಿ ತೆರಿಗೆಯ ವಿಚಾರ ನೋಡಿಕೊಳ್ಳುವವಳು. ಮಸೂದೆ ಓದುವವಳು ನಾನು, ಅದರಲ್ಲಿ ಏನಿದೆ ಎಂದು ಅವರಿಗೆ ಬಿಡಿಸಿ ಹೇಳುವವಳು ನಾನು. ಮತ ಹಾಕುವುದು ಮಾತ್ರ ಅವರು. ಅಲ್ಲೇ ಇರುವುದು ನೋಡಿ ತೊಂದರೆ.

ಆ ವರ್ಷ ವಸಂತದಲ್ಲಿ ನಮ್ಮ ಪಕ್ಷ ಒಂದು ದಪ್ಪ ಮಸೂದೆ ತಂದಿತು. ಸೋಲಾರ್ ಫಲಕದ ಭಾಗಗಳನ್ನು ನಮ್ಮ ದೇಶದಲ್ಲೇ ಮಾಡಿದರೆ, ಮಾಡಿದ ಪ್ರತಿಯೊಂದಕ್ಕೂ ತೆರಿಗೆಯಲ್ಲಿ ಒಂದಿಷ್ಟು ಬಿಟ್ಟುಕೊಡುವುದಾಗಿ ಹಿಂದಿನವರು ಕಾನೂನು ಮಾಡಿದ್ದರು. ಅದನ್ನು ನಂಬಿ ಊರೂರಲ್ಲಿ ಕಾರ್ಖಾನೆಗಳು ಎದ್ದಿದ್ದವು. ಆ ರಿಯಾಯಿತಿಯನ್ನು ಮುಂದಿನ ವರ್ಷಕ್ಕೇ ನಿಲ್ಲಿಸುವ ಒಂದು ಸಾಲು ಹೊಸ ಮಸೂದೆಯ ನಡುವೆ ಸದ್ದಿಲ್ಲದೆ ಕೂತಿತ್ತು. ನಮ್ಮ ಕ್ಷೇತ್ರದ ಕಾರ್ವರ್ಸ್ ಬೆಂಡ್ ಎಂಬ ಊರಿನ ಕಾರ್ಖಾನೆಗೆ ಆ ಸಾಲೆಂದರೆ ಬಾಗಿಲು ಹಾಕಿಕೊಳ್ಳುವುದು ಎಂದೇ ಅರ್ಥ. ಒಹಾಯೋ ನದಿಯ ದಂಡೆಯಲ್ಲಿ, ಹಳೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ ಮುಚ್ಚಿದ ಜಾಗದ ಪಕ್ಕದಲ್ಲೇ ಎದ್ದ ಕಾರ್ಖಾನೆ ಅದು. ಫಲಕದ ಸುತ್ತಲಿನ ಅಲ್ಯೂಮಿನಿಯಂ ಚೌಕಟ್ಟು ಮಾಡುತ್ತಾರೆ.

ಕಿಪ್ ಲೇಥಮ್ ಒಂದು ಕಾಲಕ್ಕೆ ನನ್ನ ಪಕ್ಕದ ಮೇಜಿನವನು. ಆಮೇಲೆ ಆ ಕಡೆಗೆ ಹೋದ, ಅಂದರೆ ಚೌಕಟ್ಟು ಮಾಡುವ ಕಂಪನಿಗಳ ಸಂಘದ ಪರವಾಗಿ ಲಾಬಿ ಮಾಡುವ ಕೆಲಸಕ್ಕೆ. ಸಂಬಳ ಏರಿತು, ಟೈ ಸುಧಾರಿಸಿತು, ಮನುಷ್ಯ ಹಾಗೇ ಇದ್ದ. ಕೆಟ್ಟವನಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳುವ ಮನಸ್ಸು ಇರುತ್ತದೋ ಇಲ್ಲವೋ.

ಪ್ರತಿ ವಸಂತದಲ್ಲೂ ಈ ಸಂಘಗಳವರು ಊರಿನ ಜನರನ್ನು ವಿಮಾನ ಹತ್ತಿಸಿ ಕರೆತರುತ್ತಾರೆ. ಎಲ್ಲರ ಕೋಟಿಗೂ ಒಂದೇ ಹಸಿರು ಬಿಲ್ಲೆ, ಎಲ್ಲರ ಕೈಯಲ್ಲೂ ಒಂದೇ ಬಣ್ಣದ ಫೈಲು. ಬೆಳಿಗ್ಗೆ ಹೋಟೆಲಿನಲ್ಲಿ ಅವರಿಗೆ ಪಾಠ ಆಗಿರುತ್ತದೆ: ಅಂಕಿ ಅಂಶ ನಾವು ಹೇಳ್ತೀವಿ, ನೀವು ನಿಮ್ಮ ಕಥೆ ಹೇಳಿ, ಕಣ್ಣಲ್ಲಿ ನೀರು ಬಂದರೆ ಒರೆಸಿಕೊಳ್ಳಬೇಡಿ. ಆಮೇಲೆ ಸಂಸತ್ತಿನ ಮೆಟ್ಟಿಲ ಮೇಲೆ ಒಬ್ಬೊಬ್ಬರದೂ ಫೋಟೋ. ಆ ಫೋಟೋ ಬೇಕಾದಲ್ಲಿ ಬಳಸಿಕೊಳ್ಳಬಹುದು ಎಂದು ಒಂದು ಸಹಿ. ಊರಿನವರು ಅದನ್ನು ನೆನಪಿಗೆ ಎಂದುಕೊಂಡು ಖುಷಿಯಾಗಿ ನಿಲ್ಲುತ್ತಾರೆ.

ಕಿಪ್ ಆ ಸಲ ಕರೆತಂದದ್ದು ಆರ್ವಲ್ ಸ್ಟಕಿ ಎಂಬವರನ್ನು. ಕಾರ್ಖಾನೆಯ ಬೆಳಗಿನ ಶಿಫ್ಟಿನ ಮೇಸ್ತ್ರಿ. ಬಾಗಿಲು ತುಂಬುವಂಥ ಮೈಕಟ್ಟು, ತೋಳು ಗಿಡ್ಡವಾದ ಕೋಟು. ಜೀವಮಾನದ ಬಹುಪಾಲು ಆ ಕಲ್ಲಿದ್ದಲು ಸ್ಥಾವರದಲ್ಲಿ ದುಡಿದು, ಅದು ಮುಚ್ಚಿದಾಗ ತನ್ನ ಜೊತೆಯವರನ್ನೆಲ್ಲ ಕಟ್ಟಿಕೊಂಡು ಚೌಕಟ್ಟಿನ ಕೆಲಸಕ್ಕೆ ಬಂದವರು. ಅದಕ್ಕಿಂತ ಮುಖ್ಯವಾಗಿ, ಶಾಲೆಯಲ್ಲಿ ಅವರೂ ನಮ್ಮ ಗೇಲನ್ನೂ ಒಂದೇ ಬ್ಯಾಸ್ಕೆಟ್‌ಬಾಲ್ ತಂಡದಲ್ಲಿ ಆಡಿದ್ದರು. ಕಿಪ್ ಅಂಥದ್ದನ್ನೆಲ್ಲ ಹುಡುಕಿ ತೆಗೆಯುವುದರಲ್ಲಿ ಗಟ್ಟಿಗ.

"ಏನಯ್ಯ ಆರ್ವಲ್, ಇನ್ನೂ ಬೆಳೀತಾನೇ ಇದ್ದೀಯಲ್ಲ," ಅಂದರು ಗೇಲನ್, ಎದ್ದು ಬಂದು ಹೆಗಲು ತಟ್ಟಿ.

"ನೀನು ಅಡ್ಡಡ್ಡ ಬೆಳೆದಿದ್ದೀಯ ಬಿಡು," ಅಂದರು ಆರ್ವಲ್. ನನ್ನ ಕಡೆ ತಿರುಗಿ, "ಇವನು ಬಾಲ್ ಕೈಗೆ ಸಿಕ್ರೆ ಯಾರಿಗೂ ಕೊಡ್ತಿರ್ಲಿಲ್ಲ ಮೇಡಂ. ಈಗ್ಲೂ ಹಂಗೇನಾ?" ಎಂದು ಕೇಳಿದರು.

"ನಿನ್ನ ಕೈಗೆ ಕೊಟ್ರೆ ನೀನು ಎದುರು ಟೀಮಿಗೆ ಕೊಡ್ತಿದ್ದೆ ಕಣಯ್ಯ."

ಕಿಪ್ ಗಂಟಲು ಸರಿ ಮಾಡಿಕೊಂಡು ಫೈಲು ಬಿಚ್ಚಿದ. "ಸಾರ್, ಆರ್ವಲ್ ಅವರ ಕಥೆ ಕೇಳಿದ್ರೆ..."

"ನಂಗೆ ಕಥೆ ಗಿಥೆ ಹೇಳೋಕೆ ಬರಲ್ಲಪ್ಪ," ಅಂದರು ಆರ್ವಲ್. "ಗೇಲನ್, ಒಂದೇ ವಿಷ್ಯ. ನದಿ ಆಚೆ ಕೆಂಟಕೀಲಿ ಒಂದು ಪವರ್ ಪ್ಲಾಂಟ್‌ನವರು ನಮ್ಮ ಹುಡುಗರನ್ನ ಕರೀತಿದ್ದಾರೆ. ಹಳೇ ಕೆಲ್ಸ, ಗೊತ್ತಿರೋ ಕೆಲ್ಸ. ಶುಕ್ರವಾರದೊಳಗೆ ಹೂಂ ಅನ್ಬೇಕು, ಇಲ್ದಿದ್ರೆ ಬೇರೆಯವರನ್ನ ತಗೋತಾರೆ. ಡೆಲ್ಬರ್ಟ್ ಹೆಂಡ್ತಿ ಆಗ್ಲೇ ಪಾತ್ರೆಪಗಡ ಕಟ್ಟಿಟ್ಟಿದ್ದಾಳೆ. ಎಲ್ರೂ ನನ್ನ ಮುಖ ನೋಡ್ತಿದ್ದಾರೆ. ನಮ್ಮ ಕಾರ್ಖಾನೆ ಇರುತ್ತಾ ಇರಲ್ವಾ? ಇರಲ್ಲ ಅಂತಿದ್ರೆ ಅದನ್ನೇ ಹೇಳು, ನಾನೇನೂ ಬೇಜಾರು ಮಾಡ್ಕೊಳಲ್ಲ. ಅವರನ್ನ ಕಳಿಸ್ಬಿಡ್ತೀನಿ."

ಇಲ್ಲಿ ಯಾರೂ ಹಾಗೆ ಕೇಳುವುದಿಲ್ಲ. ಇಲ್ಲಿನ ಮಾತುಗಳೆಲ್ಲ ಮೆತ್ತಗೆ ಬಂದು, ಮೆತ್ತಗೆ ಕೂತು, ಫೋಟೋ ತೆಗೆಸಿಕೊಂಡು ಹೋಗುತ್ತವೆ.

"ಕಿಪ್," ಅಂದರು ಗೇಲನ್, "ಹೊರಗೆ ನಮ್ಮೂರ ಪಾಪ್‌ಕಾರ್ನ್ ಇಟ್ಟಿದೆ. ಸ್ವಲ್ಪ ತಿಂತಾ ಇರು."

ಕಿಪ್ ನಗುನಗುತ್ತಲೇ ಹೊರಗೆ ಹೋದ. ಬಾಗಿಲು ಹಾಕಿದ ಮೇಲೆ ಗೇಲನ್ ಕಿಟಕಿಯ ಹತ್ತಿರ ಹೋಗಿ ಸ್ವಲ್ಪ ಹೊತ್ತು ನಿಂತರು. ಆಮೇಲೆ ಬಂದು ಆರ್ವಲ್ ಎದುರಿಗೆ ಕೂತರು.

"ಹುಡುಗರಿಗೆ ಉಳ್ಕೊಳ್ಳೋಕೆ ಹೇಳು," ಅಂದರು. "ಆ ಸಾಲು ಇರೋವರೆಗೂ ನಾನು ಆ ಮಸೂದೆಗೆ ಮತ ಹಾಕಲ್ಲ. ನನ್ನ ಥರದವರು ಇನ್ನೂ ಒಂದಷ್ಟು ಜನ ಇದ್ದೀವಿ. ಸಾಕಾಗುತ್ತೆ. ಆದ್ರೆ ಇದು ಈ ರೂಮಲ್ಲೇ ಇರ್ಬೇಕು ಆರ್ವಲ್. ಒಂದು ಮಾತೂ ಆಚೆ ಹೋಗ್ಬಾರ್ದು."

ಇಷ್ಟು ವರ್ಷ ಅವರ ಜೊತೆ ಕೆಲಸ ಮಾಡಿದ್ದರೂ ಹೀಗೆ ಬಿಚ್ಚಿ ಮಾತು ಕೊಟ್ಟದ್ದನ್ನು ನಾನು ಕೇಳಿದ್ದು ಅದೇ ಮೊದಲು. ನಿಜ ಹೇಳಬೇಕೆಂದರೆ ನನಗೆ ಹೆಮ್ಮೆಯಾಯಿತು. ಆ ಹೆಮ್ಮೆಯನ್ನು ನೆನೆದರೆ ಈಗ ಮೈ ಉರಿಯುತ್ತದೆ.

ಆರ್ವಲ್ ಅವರನ್ನು ಲಿಫ್ಟಿನ ತನಕ ನಾನೇ ಬಿಟ್ಟು ಬಂದೆ. ದಾರಿಯಲ್ಲಿ ಅವರು ಕೇಳಿದರು, "ಅದ್ಯಾಕೆ ಮೇಡಂ ಗುಟ್ಟು? ಒಳ್ಳೇ ಕೆಲ್ಸ ತಾನೇ ಮಾಡ್ತಿರೋದು?"

"ಯಾರ್ಯಾರು ಬೇಡ ಅಂತಾರೆ ಅಂತ ನಮ್ಮ ಮುಖಂಡರಿಗೆ ಮುಂಚೆ ಗೊತ್ತಾದ್ರೆ, ಒಬ್ಬೊಬ್ಬರನ್ನೇ ಕರೆದು ಕೂರಿಸ್ಕೊಂಡು ಹಿಂಡ್ತಾರೆ," ಅಂದೆ. "ಎಲ್ರೂ ಕೊನೇ ಗಳಿಗೇಲಿ ಒಟ್ಟಿಗೆ ನಿಂತ್ರೆ ಆ ಸಾಲನ್ನ ಕಿತ್ತು ಹಾಕ್ದೆ ಅವರಿಗೆ ಬೇರೆ ದಾರಿ ಇರಲ್ಲ."

"ಸರಿ ಬಿಡಿ. ನಮ್ಮ ಬಾಯಿ ನಮ್ಮ ಕೈಲಿರುತ್ತೆ," ಅಂದರು.

ಅವರ ಬಾಯಿ ಅವರ ಕೈಯಲ್ಲೇ ಇತ್ತು. ಊರಿಗೆ ಹೋಗಿ ಹುಡುಗರಿಗೆ, ಉಳಿಯಿರಿ, ಯಾಕೆ ಅಂತ ಕೇಳಬೇಡಿ, ನನ್ನ ಮಾತಿನ ಮೇಲೆ ಉಳಿಯಿರಿ ಎಂದಷ್ಟೇ ಹೇಳಿದರಂತೆ. ಅಷ್ಟಕ್ಕೇ ಅವರು ಕೆಂಟಕಿಯವರಿಗೆ ಒಲ್ಲೆವೆಂದು ಫೋನ್ ಮಾಡಿದರು. ಡೆಲ್ಬರ್ಟನ ಹೆಂಡತಿ ಕಟ್ಟಿದ್ದ ಪಾತ್ರೆಗಳನ್ನು ಬಿಚ್ಚಿ ಮತ್ತೆ ಕಪಾಟಿಗೆ ಜೋಡಿಸಿದಳು. ಈ ಸುದ್ದಿ ಕಾರ್ಖಾನೆಯ ಮ್ಯಾನೇಜರಿಗೆ ಹೋಯಿತು. ಮ್ಯಾನೇಜರ್ ಸಂತೋಷಕ್ಕೆ ಕಿಪ್‌ಗೆ ಹೇಳಿದ. ಕಿಪ್ ಹದಿನೈದು ವರ್ಷ ವಾಷಿಂಗ್ಟನ್ನಿನಲ್ಲಿ ಸುಮ್ಮನೆ ಮಣ್ಣು ಹೊತ್ತವನಲ್ಲ. ಬಾಗಿಲು ಹಾಕಿದ ಕೋಣೆ, ಕೆಂಟಕಿಗೆ ಹೋಗದ ಹುಡುಗರು, ಎರಡನ್ನೂ ಕೂಡಿಸಿದ. ತನ್ನ ಪಟ್ಟಿಯಲ್ಲಿ ನಮ್ಮ ಸಂಸದರ ಹೆಸರಿನ ಮುಂದೆ ‘ನಮ್ಮವರು’ ಎಂದು ಗುರುತು ಹಾಕಿಕೊಂಡ.

ಗುರುತು ಹಾಕಿಕೊಂಡು ಸುಮ್ಮನಿದ್ದಿದ್ದರೆ ಏನೂ ಆಗುತ್ತಿರಲಿಲ್ಲ. ಆದರೆ ಲಾಬಿಯವರಲ್ಲಿ ಒಂದು ಪದ್ಧತಿ ಇದೆ. ಒಬ್ಬ ಸಂಸದ ನಮ್ಮವನಾದ ಎಂದು ಗೊತ್ತಾದ ತಕ್ಷಣ ಅವನ ಊರಿನಲ್ಲೇ, ಅವನ ಮತದಾರರ ಎದುರಿಗೇ, ಅವನಿಗೆ ಧನ್ಯವಾದ ಹೇಳಬೇಕು. ಪೇಪರಿನಲ್ಲಿ, ರೇಡಿಯೋದಲ್ಲಿ, ರಸ್ತೆ ಬದಿಯ ಬೋರ್ಡಿನಲ್ಲಿ. ಹೊಗಳಿಸಿಕೊಂಡವನು ಆಮೇಲೆ ಹಿಂದೆ ಸರಿಯಲು ನಾಚುತ್ತಾನೆ ಎಂಬುದು ಅವರ ಲೆಕ್ಕ. ಒಂದು ಕಾಲಕ್ಕೆ ಆ ಲೆಕ್ಕ ಸರಿಯಾಗಿಯೂ ಇತ್ತು. ಸಂಸದರಿಗೆ ಎದುರು ಪಕ್ಷದವರ ಭಯವಿದ್ದ ಕಾಲ ಅದು. ಈಗ ಭಯವೆಲ್ಲ ಸ್ವಂತ ಪಕ್ಷದವರದು, ಅವರಿಗೆ ಸೋಲಾರ್ ಎಂದರೆ ಆಗುವುದಿಲ್ಲ. ಈಗ ಸೋಲಾರ್‌ನವರ ಹೊಗಳಿಕೆಯೆಂದರೆ ನಮ್ಮ ಕ್ಷೇತ್ರದಲ್ಲಿ ಬೆನ್ನಿಗೆ ಚೀಟಿ ಅಂಟಿಸಿ ಬೀದಿಗೆ ಬಿಟ್ಟ ಹಾಗೆ. ಕಿಪ್‌ಗೆ ಇದು ಗೊತ್ತಿರಲಿಲ್ಲವೆಂದಲ್ಲ. ಗೊತ್ತಿತ್ತು. ಆದರೆ ಪದ್ಧತಿ ಎಂದರೆ ಪದ್ಧತಿ, ಅದು ತಲೆಯನ್ನು ಕೇಳಿ ಕೆಲಸ ಮಾಡುವುದಿಲ್ಲ.

ಒಂದು ಬೆಳಿಗ್ಗೆ ಕ್ಷೇತ್ರದಲ್ಲಿರುವ ನಮ್ಮ ಕಚೇರಿಯಿಂದ ನನ್ನ ಫೋನಿಗೆ ಒಂದು ಫೋಟೋ ಬಂತು. ಹೈವೇ ನದಿಯ ಕಡೆ ತಿರುಗುವಲ್ಲಿ, ಹೊಲದ ನಡುವೆ ಒಂದು ದೊಡ್ಡ ಬೋರ್ಡು. ಅದರ ತುಂಬ ಆರ್ವಲ್ ಸ್ಟಕಿಯ ಮುಖ, ಹಿಂದೆ ಸಂಸತ್ತಿನ ಗುಮ್ಮಟ. ಕೆಳಗೆ ಬರೆದಿತ್ತು: ‘ನಮ್ಮ ಕೆಲಸ ಉಳಿಸಿದ್ದಕ್ಕೆ ಧನ್ಯವಾದ, ಗೇಲನ್.’

ಕೋಟು ಕೂಡ ತೆಗೆಯದೆ ಕಿಪ್‌ಗೆ ಫೋನ್ ಮಾಡಿದೆ.

"ಚೆನ್ನಾಗಿದೆ ಅಲ್ವಾ?" ಅಂದ ಅವನು. "ಬೆಳಿಗ್ಗೆ ಆ ಕಡೆ ಹೋಗೋವ್ರಿಗೆಲ್ಲ ಕಣ್ಣಿಗೆ ಹೊಡೆಯುತ್ತೆ."

"ಅವರು ಹೂಂ ಅಂದ್ರು ಅಂತ ನಿಂಗೆ ಯಾರು ಹೇಳಿದ್ದು?"

"ಯಾರೂ ಹೇಳ್ಲಿಲ್ಲ. ಅದಕ್ಕೇ ನಂಬಿದ್ದು. ಬರೀ ಬಾಯುಪಚಾರ ಆಗಿದ್ರೆ ನಿಮ್ಮ ಆಫೀಸಿಂದಾನೇ ಒಂದು ಹೇಳಿಕೆ ಬರ್ತಿತ್ತು."

"ಇಳಿಸು ಅದನ್ನ. ಇವತ್ತೇ."

"ನಡೀನ್, ತಾಯಿ, ಒಂದು ನಿಮಿಷ ಕೇಳು. ಈಗ ಇಳಿಸಿದ್ರೆ ಇನ್ನೂ ಕೆಟ್ಟದಾಗಿ ಕಾಣಲ್ವಾ? ಹೊಗಳಿದೋರೇ ಯಾಕೆ ವಾಪಸ್ ತಗೊಂಡ್ರು ಅಂತಾರೆ. ಥ್ಯಾಂಕ್ಸ್ ಹೇಳಿದ್ದಕ್ಕೆ ಯಾರಾದ್ರೂ ಸತ್ತಿದ್ದಾರಾ ಮಾರಾಯ್ತಿ?"

ನಾನು ಫೋನ್ ಇಟ್ಟೆ.

ಅದೇ ವಾರ ರಾಯ್ಸ್ ಹ್ಯಾಡ್ಲಿ ಎಂಬವನು ಆ ಬೋರ್ಡಿನ ಕೆಳಗೆ ನಿಂತು ವಿಡಿಯೋ ಮಾಡಿ ಊರಿಗೆಲ್ಲ ಹಂಚಿದ. ಟ್ರ್ಯಾಕ್ಟರ್ ಮಾರುವವನು, ಭಾನುವಾರ ರೇಡಿಯೋದಲ್ಲಿ ಮಾತಾಡುವವನು, ಮುಂದಿನ ಸಲ ನಮ್ಮ ಪಕ್ಷದ ಟಿಕೆಟ್ ತನಗೇ ಬೇಕೆಂದು ಹಲ್ಲು ಮಸೆಯುತ್ತಿದ್ದವನು. "ಸೋಲಾರ್‌ನವರು ನಮ್ಮ ಗೇಲನ್ ಸಾಹೇಬ್ರಿಗೆ ಯಾಕಪ್ಪ ಥ್ಯಾಂಕ್ಸ್ ಹೇಳ್ತಿದ್ದಾರೆ? ಅವರಿಗೆ ಏನ್ ಕೊಟ್ರು ಇವರು? ಕೇಳ್ಬೇಕಲ್ವಾ ನಾವು?" ಎಂದಿಷ್ಟೇ ಹೇಳಿ ಬೋರ್ಡಿನತ್ತ ಕೈ ತೋರಿಸಿ ನಕ್ಕ. ಅಷ್ಟು ಸಾಕಾಯಿತು. ನಮ್ಮ ಆಫೀಸಿನ ಫೋನು ಬಡಿದುಕೊಳ್ಳಲು ಶುರುವಾಯಿತು. ಮಾರನೆಯ ದಿನ ಪಕ್ಷದ ಮುಖಂಡರು ಗೇಲನ್ ಅವರನ್ನು ಕರೆಸಿಕೊಂಡರು.

ಅವರು ಅಲ್ಲಿಂದ ಬಂದಾಗ ಮುಖ ಇಳಿದಿತ್ತು. ಕುರ್ಚಿಯಲ್ಲಿ ಕೂರದೆ ಮೇಜಿನ ಅಂಚಿಗೆ ಒರಗಿ ನಿಂತರು.

"ಅವನ ಮುಖ ಎಷ್ಟು ದೊಡ್ಡದಾಗಿ ಹಾಕಿದ್ದಾರೆ ನೋಡಿದ್ರಾ?" ಅಂದರು.

"ಅವರು ಹಾಕಿದ್ದಲ್ಲ ಸಾರ್. ಆರ್ವಲ್‌ಗೆ ಇದು ಗೊತ್ತೇ ಇರ್ಲಿಲ್ಲ."

"ನಂಗೊತ್ತು. ಅವನು ಅಂಥವನಲ್ಲ." ಟೈ ಸಡಿಲಿಸಿಕೊಂಡು ಹೇಳಿದರು, "ನನ್ನ ಜೊತೆ ನಿಲ್ತೀವಿ ಅಂದೋರು ಆಗ್ಲೇ ಇಬ್ಬರು ಜಾರ್ಕೊಂಡ್ರು. ಒಬ್ಬನೇ ನಿಂತ್ರೆ ಆ ಸಾಲೂ ಹೋಗಲ್ಲ, ನಾನೂ ಇರಲ್ಲ. ಇನ್ನೇನ್ ಮಾಡ್ಲಿ ಹೇಳಿ."

ಹೇಳಬಹುದಿತ್ತು. ಕೊಟ್ಟ ಮಾತಿಗೆ ಒಬ್ಬರೇ ನಿಲ್ಲಿ ಅಂದೆ ಕೂಡ. ಅವರು ನನ್ನನ್ನು ನೋಡಿದರು, ಮಳೆ ಬರಬಾರದಿತ್ತು ಎಂದು ಗೊಣಗುವ ಮಗುವನ್ನು ನೋಡುವ ಹಾಗೆ. ಒಂದು ಮಧ್ಯಾಹ್ನ ಮತದಾನದ ಗಂಟೆ ಹೊಡೆಯಿತು, ಎಲ್ಲರೂ ಮತ ಹಾಕಲು ಹೋದರು. ನಾನು ಆಫೀಸಿನ ಟಿವಿಯಲ್ಲಿ ನೋಡುತ್ತಿದ್ದೆ. ಅವರ ಹೆಸರಿನ ಮುಂದೆ ಹಸಿರು ದೀಪ ಹತ್ತಿತು, ಅಂದರೆ ಮಸೂದೆಗೆ ಹೌದು. ಆ ಸಾಲು ಹಾಗೇ ಉಳಿದು, ಮಸೂದೆ ಕೂದಲೆಳೆಯಲ್ಲಿ ಗೆದ್ದಿತು.

ಆರ್ವಲ್‌ಗೆ ಬೇರೆ ಯಾರಾದರೂ ಹೇಳುವ ಮುಂಚೆ ನಾನೇ ಫೋನ್ ಮಾಡಿದೆ. ಸುತ್ತಿ ಬಳಸಿ ಹೇಳದೆ ನಡೆದದ್ದನ್ನು ನಡೆದ ಹಾಗೇ ಹೇಳಿದೆ. ಹಿಂದೆ ಯಂತ್ರಗಳ ಸದ್ದು ಕೇಳಿಸುತ್ತಿತ್ತು.

"ಅಂದ್ರೆ ಥ್ಯಾಂಕ್ಸ್ ಹೇಳಿದ್ದಕ್ಕೆ ಹಿಂಗಾಯ್ತು," ಅಂದರು ಕೊನೆಗೆ.

"ಹೌದು."

"ನಮ್ಮ ಕಡೆ ಥ್ಯಾಂಕ್ಸ್ ಹೇಳ್ದಿದ್ರೆ ತಪ್ಪು ಮೇಡಂ." ಮತ್ತೆ ಯಂತ್ರಗಳ ಸದ್ದು. "ಬೋರ್ಡು ಬಂದ ದಿನ ಹುಡುಗರು ಕೇಳಿದ್ರು. ಗೇಲನ್ ಹೇಳಿದ್ದು ನಿಜಾನಾ ಅಂತ. ಇನ್ನೇನು, ಊರಿಗೇ ಗೊತ್ತಾಯ್ತಲ್ಲ ಅಂತ, ಹೌದು, ನನ್ನ ಮುಖ ನೋಡಿ ಹೇಳ್ದ ಅಂದೆ. ಎಲ್ರೂ ಸೇರಿ ಅವತ್ತು ಕೇಕ್ ತಂದಿದ್ರು."

"ಇನ್ನೂ ಪೂರ್ತಿ ಮುಗಿದಿಲ್ಲ," ಅಂದೆ. "ಇದು ಸೆನೆಟ್‌ಗೆ ಹೋಗುತ್ತೆ. ಅಲ್ಲಿ ಅವರು ಏನಾದ್ರೂ ತಿದ್ದಿದ್ರೆ ಮತ್ತೆ ನಮ್ಮ ಸದನದ ಮುಂದೆ ಬರ್ಬೇಕು. ಆಗ ಮತ್ತೊಂದು ಸಲ ಮತ ಇರುತ್ತೆ."

ಆ ದಿನ ಅದು ಸುಳ್ಳಾಗಿರಲಿಲ್ಲ. ಸುಳ್ಳಾಗುವುದಕ್ಕೆ ಇನ್ನೂ ಸ್ವಲ್ಪ ದಿನ ಬೇಕಾಯಿತು. ಜೂನ್ ತಿಂಗಳಲ್ಲಿ ರಾಯ್ಸ್ ಹ್ಯಾಡ್ಲಿ ಇದ್ದಕ್ಕಿದ್ದಂತೆ ರೇಡಿಯೋದಲ್ಲಿ, ಮನೆಯವರ ಜೊತೆ ಸಮಯ ಕಳೆಯಬೇಕೆಂದಿದ್ದೇನೆ, ಟಿಕೆಟ್ ಕೇಳುವುದಿಲ್ಲ ಎಂದು ಪ್ರಕಟಿಸಿದ. ಅವನಿಗೆ ಹಾಗನ್ನಿಸಿದ್ದು ತಾನಾಗಿ ಅಲ್ಲ. ಸೆನೆಟ್‌ನಿಂದ ಮಸೂದೆ ಯಾವ ರೂಪದಲ್ಲಿ ವಾಪಸ್ ಬಂದರೂ ತಲೆಯಾಡಿಸುತ್ತೇನೆಂದು ಗೇಲನ್ ಮುಖಂಡರಿಗೆ ಮಾತು ಕೊಟ್ಟಿದ್ದರು. ಅದಕ್ಕೆ ಬದಲಾಗಿ ಮುಖಂಡರು ಹ್ಯಾಡ್ಲಿಯನ್ನು ಹಿಂದೆ ಸರಿಸಿದ್ದರು. ಗೇಲನ್ ಇದನ್ನು ನನಗೆ ಮುಚ್ಚಿಡಲಿಲ್ಲ. "ಆ ಮಾತು ಉಳಿಸ್ಕೋಬೇಕು ನಡೀನ್," ಅಂದರು, ಗಂಭೀರವಾಗಿ. ಯಾವ ಮಾತನ್ನು ಉಳಿಸಿಕೊಳ್ಳಬೇಕು ಎಂಬುದರಲ್ಲಿ ಅವರಿಗೆ ಗೊಂದಲವೇ ಇರಲಿಲ್ಲ.

ಅದಾದ ವಾರಕ್ಕೇ ನನ್ನನ್ನು ಕಾರ್ವರ್ಸ್ ಬೆಂಡ್‌ಗೆ ಕಳಿಸಿದರು. ಕಾರ್ಖಾನೆಯವರ ಅಹವಾಲು ಕೇಳುವ ಸಭೆ. ಸಂಸದರಿಗೆ ಬೇರೆ ಕಾರ್ಯಕ್ರಮವಿತ್ತು. ಇಂಥ ಸಭೆಗಳಿರುವ ದಿನ ಅವರಿಗೆ ಬೇರೆ ಕಾರ್ಯಕ್ರಮ ಇದ್ದೇ ಇರುತ್ತದೆ, ಬೈಗುಳ ತಿನ್ನುವುದಕ್ಕೆಂದೇ ನಮ್ಮಂಥವರಿಗೆ ಸಂಬಳ. ಹೊರಡುವ ಮುಂಚೆ ಆಫೀಸಿನ ಮುಖ್ಯಸ್ಥೆ ನನಗೆ ನೆನಪಿಸಿದಳು, "ಒಳಗೆ ಆಡಿದ ಮಾತು ಒಳಗೇ. ಗೊತ್ತಲ್ವಾ?" ಇದು ನಮ್ಮ ಕೆಲಸದ ಮೊದಲ ಪಾಠ. ಸಂಸದರು ಮುಚ್ಚಿದ ಬಾಗಿಲ ಹಿಂದೆ ಏನು ಹೇಳಿದರೆಂದು ಒಂದು ಸಲ ಬಾಯಿಬಿಟ್ಟವಳಿಗೆ ಈ ಊರಿನಲ್ಲಿ ಯಾರೂ ಮತ್ತೆ ಕೆಲಸ ಕೊಡುವುದಿಲ್ಲ.

ಊಟದ ಕೋಣೆಯಲ್ಲಿ ಸಭೆ. ಮೈಕ್ರೋವೇವ್‌ನಲ್ಲಿ ಯಾರೋ ಬಿಸಿ ಮಾಡಿದ ಬೀನ್ಸ್ ಸಾರಿನ ವಾಸನೆ, ಗೋಡೆಗೆ ಸುರಕ್ಷತೆಯ ಚಿತ್ರಗಳು. ಆರ್ವಲ್ ಅವರ ಹುಡುಗರು ಎಂದರೆ ಹುಡುಗರೇನಲ್ಲ, ಎಲ್ಲರೂ ಐವತ್ತರ ಆಸುಪಾಸಿನವರು. ಮುಂಗೈ ತುಂಬ ಹಳೆಯ ಸುಟ್ಟ ಗಾಯಗಳು. ಮೇಜುಗಳ ಮೇಲೆ ಮೊಣಕೈ ಊರಿಕೊಂಡು ಕೂತಿದ್ದರು. ಆರ್ವಲ್ ಗೋಡೆಗೆ ಒರಗಿ ನಿಂತಿದ್ದರು, ಅವರ ಅಕ್ಕಪಕ್ಕ ಯಾರೂ ಇರಲಿಲ್ಲ.

ನಾನು ಹೇಳಬೇಕಾದ್ದನ್ನು ಹೇಳಿದೆ. ಸಂಸದರಿಗೆ ನಿಮ್ಮ ಬಗ್ಗೆ ಕಾಳಜಿ ಇದೆ, ಪರಿಸ್ಥಿತಿ ಜಟಿಲವಾಗಿತ್ತು, ಹೀಗೆ. ನನ್ನ ದನಿ ನನಗೇ ಅಸಹ್ಯವಾಗುತ್ತಿತ್ತು. ಅವರು ಸೌಜನ್ಯದಿಂದ ಕೇಳಿದರು. ನಾನು ಮುಗಿಸಿದ ಮೇಲೆ ಡೆಲ್ಬರ್ಟ್ ಕ್ರೇನ್ ಎದ್ದ. ತೆಳ್ಳಗಿನ, ಮೆತ್ತನೆ ದನಿಯ ಮನುಷ್ಯ.

"ಮೇಡಂ, ಜಗಳಕ್ಕೆ ಕೇಳ್ತಿಲ್ಲ," ಅಂದ. "ಕೆಂಟಕೀಲಿ ನನ್ನ ಜಾಗಕ್ಕೆ ಬೇರೆಯವನು ಬಂದಾಯ್ತು. ಈಗ ಅತ್ತಾಗೂ ಇಲ್ಲ, ಇತ್ತಾಗೂ ಇಲ್ಲ. ಅದಿರ್ಲಿ. ಒಂದೇ ಒಂದು ತಿಳ್ಕೋಬೇಕು. ಉಳ್ಕೊಳ್ಳಿ ಅಂತ ಗೇಲನ್ ಸ್ಟ್ರೌಡ್ ಹೇಳಿದ್ರು ಅಂತಾನೆ ಆರ್ವಲ್. ಹೇಳಿದ್ರಾ? ಅಥವಾ ಇವನಿಗೆ ಕೇಳ್ಬೇಕು ಅನ್ಸಿದ್ದು ಕೇಳಿಸ್ತಾ? ನೀವು ಆ ರೂಮಲ್ಲಿದ್ರಂತೆ."

ಎಲ್ಲರೂ ನನ್ನ ಕಡೆ ನೋಡಿದರು. ಆರ್ವಲ್ ಮಾತ್ರ ನೆಲ ನೋಡುತ್ತಿದ್ದರು. ಹೇಳಿಬಿಡುತ್ತೇನೆ ಎಂದು ನಿರ್ಧರಿಸಲು ನನಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಕೆಲಸ ಹೋದರೆ ಹೋಗಲಿ, ಹದಿನೆಂಟು ವರ್ಷ ಸಾಕು ಅನ್ನಿಸಿತು. ಬಾಯಿ ತೆರೆದೆ.

"ಹೇಳ್ಲಿಲ್ಲ," ಅಂದರು ಆರ್ವಲ್.

ಡೆಲ್ಬರ್ಟ್ ಅವರ ಕಡೆ ತಿರುಗಿದ.

"ಗೇಲನ್ ಹಂಗೇನೂ ಹೇಳ್ಲಿಲ್ಲ. ನೋಡೋಣ, ಪ್ರಯತ್ನ ಮಾಡ್ತೀನಿ ಅಂದ. ನಾನೇ ತಪ್ಪು ತಿಳ್ಕೊಂಡೆ. ಮೇಡಂನ ಯಾಕೆ ಸುಮ್ನೆ ಕಷ್ಟಕ್ಕೆ ಸಿಕ್ಕಿಸ್ತೀರಾ? ತಪ್ಪು ನಂದು."

"ಮುಖ ನೋಡಿ ಹೇಳ್ದ ಅಂದ್ಯಲ್ಲೋ," ಅಂದ ಡೆಲ್ಬರ್ಟ್, ಇನ್ನೂ ಮೆತ್ತಗೆ.

"ಜಂಬಕ್ಕೆ ಅಂದೆ."

ಆರ್ವಲ್ ನನ್ನ ಮೊಣಕೈ ಹಿಡಿದು ಹೊರಗೆ ಕರೆದುಕೊಂಡು ಬಂದರು. ಹೊರಗೆ, ಕಾರುಗಳ ಸಾಲಿನಲ್ಲಿ ಬಿಸಿಲು ಚುರುಗುಟ್ಟುತ್ತಿತ್ತು. ನನಗೆ ಸಿಟ್ಟು ನೆತ್ತಿಗೇರಿತ್ತು.

"ಏನ್ ಮಾಡಿದ್ರಿ ಆರ್ವಲ್? ಯಾಕ್ ಹಂಗಂದ್ರಿ?"

ಅವರ ಮುಖದಲ್ಲಿ ಸಣ್ಣ ಸಮಾಧಾನವಿತ್ತು, ಕಷ್ಟದ ಕೆಲಸವೊಂದನ್ನು ಸರಿಯಾಗಿ ಮಾಡಿ ಮುಗಿಸಿದವರ ಮುಖದಲ್ಲಿರುವಂಥದ್ದು. "ನೀವೇ ತಾನೇ ಹೇಳಿದ್ದು, ಸದ್ದು ಮಾಡಿದ್ರೆ ಕೆಡುತ್ತೆ ಅಂತ," ಅಂದರು. "ಅವನು ಮಾತು ಕೊಟ್ಟು ತಪ್ಪಿದ ಅಂತ ಇವತ್ತು ನಿಮ್ಮ ಬಾಯಲ್ಲೇ ಬಂದಿದ್ರೆ ಸಂಜೆ ಹೊತ್ತಿಗೆ ಊರೆಲ್ಲ ಆಗೋದು. ಆಮೇಲೆ ಅವನು ನಮ್ಮ ಕಡೆ ತಿರುಗಿ ನೋಡ್ತಾನಾ? ಸೆನೆಟ್‌ನಿಂದ ಮಸೂದೆ ವಾಪಸ್ ಬರುತ್ತಲ್ಲ ಮೇಡಂ, ಆಗ ಅವನಿಗೆ ದಾರಿ ಇರ್ಬೇಕು. ನಂಗೇನು, ನಾಲ್ಕು ದಿನ ಹುಡುಗರು ಮುಖ ಸಿಂಡರಿಸ್ತಾರೆ. ಕಾರ್ಖಾನೆ ಉಳಿದ್ರೆ ಎಲ್ಲ ಸರಿ ಹೋಗುತ್ತೆ. ಈ ಸಲ ನಾನು ಬಾಯಿ ಬಿಡ್ಲಿಲ್ಲ ಅಂತ ಗೇಲನ್‌ಗೆ ಹೇಳಿ."

ನಾನು ಕಾರಿನ ಮೇಲೆ ಕೈ ಊರಿದೆ. ಲೋಹ ಕಾದು ಸುಡುತ್ತಿತ್ತು, ಕೈ ತೆಗೆಯಬೇಕೆಂದು ಹೊಳೆಯಲಿಲ್ಲ. ಇವರಿಗೆ ಸುಳ್ಳು ಹೇಳಿ ಕಾರು ಹತ್ತುವುದು ಸುಲಭವಿತ್ತು. ಆದರೆ ಇವರಿಗೆ ಸುಳ್ಳು ಹೇಳಿದವರು ಆಗಲೇ ಸಾಕಷ್ಟಿದ್ದರು.

"ಆರ್ವಲ್, ಅದು ಮುಗಿದುಹೋಯ್ತು," ಅಂದೆ. "ವಾಪಸ್ ಬಂದಾಗ್ಲೂ ಹೂಂ ಅಂತೀನಿ ಅಂತ ಅವರು ಮುಖಂಡರಿಗೆ ಮಾತು ಕೊಟ್ಟಾಯ್ತು. ಹ್ಯಾಡ್ಲಿ ಹಿಂದೆ ಸರಿದದ್ದು ಅದಕ್ಕೇನೇ. ಹೋದ ವಾರವೇ ಮುಗೀತು."

ಆರ್ವಲ್ ಊಟದ ಕೋಣೆಯ ಬಾಗಿಲ ಕಡೆ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಅವರ ಕಣ್ಣಲ್ಲಿ ಸಿಟ್ಟಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ಹೋದ ವಾರವೇನಾ," ಅಂದರು. "ಹಂಗಾದ್ರೆ ಈಗ ಒಳಗೆ ನಾನು ಹೇಳಿದ್ದು..."

"ನಾನು ಹೋಗಿ ಹೇಳ್ತೀನಿ. ಈಗಲೇ."

"ಬೇಡ ಮೇಡಂ. ಈಗ ಏನ್ ಹೇಳಿದ್ರೂ..."

ನಾನು ಕೇಳಲಿಲ್ಲ. ಬಿರಬಿರನೆ ಒಳಗೆ ಹೋದೆ. ಅವರೆಲ್ಲ ಇನ್ನೂ ಕೂತಿದ್ದರು. ನಡುವೆ ನಿಂತು ಹೇಳಿದೆ: "ಆರ್ವಲ್ ಸುಳ್ಳು ಹೇಳಿದ್ರು. ಗೇಲನ್ ಸ್ಟ್ರೌಡ್ ಅವತ್ತು ಆ ರೂಮಲ್ಲಿ ಆಡಿದ ಮಾತು ಇದು, ಹುಡುಗರಿಗೆ ಉಳ್ಕೊಳ್ಳೋಕೆ ಹೇಳು, ಆ ಸಾಲು ಇರೋವರೆಗೂ ನಾನು ಮತ ಹಾಕಲ್ಲ. ನನ್ನ ಕಿವಿಯಾರೆ ಕೇಳಿದ್ದೀನಿ. ಬೇಕಾದ್ರೆ ಪೇಪರಿನವರ ಮುಂದೆ ಹೇಳ್ತೀನಿ. ಇವರು ನಿಮ್ಮ ಕೆಲ್ಸಕ್ಕೋಸ್ಕರ ಈಗ ತಮ್ಮ ಮೇಲೆ ಎಳ್ಕೊಂಡ್ರು."

ಡೆಲ್ಬರ್ಟ್ ನನ್ನನ್ನು ಪೂರ್ತಿ ಕೇಳಿದ. ಬಾಗಿಲಲ್ಲಿ ಬಂದು ನಿಂತಿದ್ದ ಆರ್ವಲ್ ಕಡೆ ಒಂದು ಸಲ ನೋಡಿದ. ಇಬ್ಬರೂ ಹೊರಗೆ ಏನೋ ಮಾತಾಡಿಕೊಂಡು ಬಂದದ್ದನ್ನು ಕಿಟಕಿಯಿಂದ ಎಲ್ಲರೂ ಕಂಡಿದ್ದರು.

"ನೀವು ಒಳ್ಳೆಯವರು ಮೇಡಂ," ಅಂದ. "ಇವನ ಮಾನ ಉಳ್ಸೋಕೆ ನಿಮ್ಮ ಕೆಲ್ಸಾನೇ ಪಣಕ್ಕಿಟ್ರಲ್ಲ. ನಿಮ್ಮ ಜಾಗದಲ್ಲಿ ಬೇರೆ ಯಾರೂ ಹಿಂಗೆ ಮಾಡ್ತಿರ್ಲಿಲ್ಲ."

"ನಾನು ಹೇಳ್ತಿರೋದು ನಿಜ."

"ಇರ್ಲಿ ಬಿಡಿ," ಅಂದ ಡೆಲ್ಬರ್ಟ್, ನನಗೆ ನೋವಾಗಬಾರದೆಂದು ಇನ್ನಷ್ಟು ಮೆತ್ತಗೆ.

ಶಿಫ್ಟಿನ ಗಂಟೆ ಹೊಡೆಯಿತು. ಕುರ್ಚಿ ಸರಿಸಿ ಒಬ್ಬೊಬ್ಬರಾಗಿ ಎದ್ದರು. ಕೈಗವಸು ಹಾಕಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದ ಆರ್ವಲ್ ಪಕ್ಕದಿಂದಲೇ ಹಾದು ಹೋದರು. ಯಾರೂ ಅವರನ್ನು ಬೈಯಲಿಲ್ಲ.